ಪ್ಲಸ್-ಮೈನಸ್ ಗುಂಡಿಯ ಹಿಂದಿನ ಕಥೆ



ಹಾರ್ಬರ್ ಲೈನಿನ ಸೀವುಡ್ಸ್‌ನಲ್ಲಿ ಇಳಿದು ಖಾಡಿಯ ಕಡೆ ಹೋದರೆ, ಚಳಿಗಾಲದಿಂದ ಬೇಸಿಗೆಯವರೆಗೂ ರಾಜಹಂಸಗಳು, ಅಂದರೆ ಫ್ಲೆಮಿಂಗೊಗಳು, ಕಾಣಸಿಗುತ್ತವೆ. ನಿಮ್ಮಲ್ಲಿ ಹಲವರು ಭಾನುವಾರ ಬೆಳಿಗ್ಗೆ ಕ್ಯಾಮೆರಾ ಹಿಡಿದು ಡಿಪಿಎಸ್ ಕೆರೆಯ ದಂಡೆಗೆ ಹೋಗಿದ್ದಿರಬಹುದು. ಮನೆಗೆ ಬಂದು ನೋಡಿದರೆ ಏನಿದೆ? ಕಪ್ಪು ಕಾಂಡ್ಲಾ ಗಿಡಗಳ ಮುಂದೆ ನಿಂತ ಹಕ್ಕಿ ಸುಣ್ಣ ಬಳಿದ ಹಾಗೆ, ಗರಿಯ ಗುಲಾಬಿ ಮಾಯ. ಮಂಜು ಮುಸುಕಿದ ಆಕಾಶದಲ್ಲಿ ಹಾರಿದ ಅದೇ ಹಕ್ಕಿ ಕಾಗೆಯಷ್ಟು ಕಪ್ಪು! ಕ್ಯಾಮೆರಾ ಕೆಟ್ಟಿಲ್ಲ. ತನಗೆ ಕಲಿಸಿದ್ದನ್ನು ಅದು ಚಾಚೂ ತಪ್ಪದೆ ಮಾಡಿದೆ, ಅಷ್ಟೇ.

ಹಾಗಾದರೆ ಅದಕ್ಕೆ ಕಲಿಸಿದ್ದೇನು? ಲೋಕದ ಬೆಳಕನ್ನೆಲ್ಲ ಕಲಸಿ ಸರಾಸರಿ ತೆಗೆದರೆ ನಡುಮಧ್ಯದ ಬೂದು ಬಣ್ಣ ಬರುತ್ತದೆ ಎಂಬ ಪಾಠ. ಬಿದ್ದ ಬೆಳಕಿನಲ್ಲಿ 18 ಪ್ರತಿಶತವನ್ನು ಹಿಂದಿರುಗಿಸುವ ಬೂದು ಕಾರ್ಡನ್ನು ಛಾಯಾಗ್ರಾಹಕರು ಇದಕ್ಕೆ ಅಳತೆಗೋಲಾಗಿ ಇಟ್ಟುಕೊಂಡರು. 1932ರಲ್ಲಿ ಅಮೆರಿಕದ ವೆಸ್ಟನ್ ಕಂಪನಿ ಬೆಳಕಿನಿಂದಲೇ ವಿದ್ಯುತ್ ಹುಟ್ಟಿಸಿ ಮುಳ್ಳು ಆಡಿಸುವ ಮೀಟರನ್ನು ಮಾರುಕಟ್ಟೆಗೆ ತಂದಿತು. 1938ರ ಕೊಡಾಕ್ ಸೂಪರ್ ಸಿಕ್ಸ್-20 ಕ್ಯಾಮೆರಾ ಆ ಮೀಟರಿನ ಮಾತು ಕೇಳಿ ತಾನೇ ಬೆಳಕು ಹೊಂದಿಸಿಕೊಂಡಿತು. ಅಲ್ಲಿಂದ ಶುರು ನೋಡಿ. ಬಿಳಿ ಗೋಡೆ ತೋರಿಸಿದರೂ ಬೂದು, ಕರಿ ಕಂಬಳಿ ತೋರಿಸಿದರೂ ಬೂದು.

ಮೀಟರಿಗೆ ಕಣ್ಣಿದೆ, ವಿವೇಕವಿಲ್ಲ ಎಂಬುದು ಬಲ್ಲವರಿಗೆ ಬೇಗ ತಿಳಿಯಿತು. ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಆಸುಪಾಸಿನಲ್ಲಿ ಝೋನ್ ಸಿಸ್ಟಮ್ ರೂಪಿಸಿದರು. ಯಾವುದು ಎಷ್ಟು ಬೆಳ್ಳಗೆ, ಯಾವುದು ಎಷ್ಟು ಕಪ್ಪಗೆ ಬರಬೇಕೆಂದು ಮೊದಲೇ ನಿರ್ಧರಿಸಿ ಆಮೇಲೆ ಗುಂಡಿ ಒತ್ತುವ ಪದ್ಧತಿ ಅದು.

ಈ ವಿದ್ಯೆಯಲ್ಲಿ ಪಳಗಿದ ಕನ್ನಡಿಗರೊಬ್ಬರು ಇದೇ ಮುಂಬಯಿಯಲ್ಲಿ ದುಡಿದರು. ವಿ.ಕೆ. ಮೂರ್ತಿ, 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಓದಿ ಬಂದು ಗುರುದತ್ತರ ಕ್ಯಾಮೆರಾ ಕಣ್ಣಾದರು. 1957ರ 'ಪ್ಯಾಸಾ' ಅವರದೇ. ಸಿನೆಮಾಸ್ಕೋಪಿನಲ್ಲಿ ತಯಾರಾದ ನಮ್ಮ ದೇಶದ ಮೊದಲ ಚಿತ್ರ, 1959ರ 'ಕಾಗಜ್ ಕೆ ಫೂಲ್' ಕೂಡ. ಅದರಲ್ಲಿ ಗೀತಾ ದತ್ ಹಾಡಿರುವ ಹಾಡು ನೆನಪಿದೆಯಲ್ಲ? ಕತ್ತಲ ಸ್ಟುಡಿಯೋದ ಮೇಲಿನಿಂದ ಇಳಿಯುವ ಆ ಬೆಳಕಿನ ಕೋಲನ್ನು ಮೂರ್ತಿ ಹುಟ್ಟಿಸಿದ್ದು ಎರಡು ದೊಡ್ಡ ಕನ್ನಡಿಗಳಿಂದ. ಹೊರಗಿನ ಬಿಸಿಲನ್ನೇ ಒಳಕ್ಕೆ ತಿರುಗಿಸಿದರು. ಇನ್ನು ಆ ದೃಶ್ಯವನ್ನು ಸರಾಸರಿ ಲೆಕ್ಕದ ಮೀಟರಿಗೆ ಬಿಟ್ಟುಕೊಟ್ಟಿದ್ದರೆ? ಕತ್ತಲು ಬೂದಾಗಿ, ಕಿರಣ ಕರಗಿ, ಹಾಡಿನ ನೋವೆಲ್ಲ ನೀರಾಗುತ್ತಿತ್ತು. ಕತ್ತಲನ್ನು ಕತ್ತಲಾಗಿಯೇ ಉಳಿಸುವ ಧೈರ್ಯ ಬೇಕು. ಅದೂ ಫಿಲ್ಮ್ ಕಾಲದಲ್ಲಿ, ಲ್ಯಾಬಿನಿಂದ ರೀಲು ತೊಳೆದು ಬರುವವರೆಗೆ ಏನಾಯಿತೆಂದು ತಿಳಿಯುವಂತಿಲ್ಲ. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಆ ಗೌರವ ಪಡೆದ ಮೊದಲ ಛಾಯಾಗ್ರಾಹಕರು ಅವರು. 2014ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

1970ರ ದಶಕದಲ್ಲಿ ಆಟೊಮ್ಯಾಟಿಕ್ ಕ್ಯಾಮೆರಾಗಳು ಹೆಚ್ಚಿದಾಗ, ಯಂತ್ರದ ತೀರ್ಪನ್ನು ತಿದ್ದಲು ನಮಗೂ ಒಂದು ಗುಂಡಿ ಸಿಕ್ಕಿತು. ಅದೇ ಎಕ್ಸ್‌ಪೋಷರ್ ಕಾಂಪೆನ್ಸೇಷನ್. ಪ್ಲಸ್ ಒಂದು ಎಂದರೆ ಬೆಳಕು ಎರಡರಷ್ಟು, ಮೈನಸ್ ಒಂದು ಎಂದರೆ ಅರ್ಧ. 1983ರ ನಿಕಾನ್ ಎಫ್‌ಎ ದೃಶ್ಯವನ್ನು ಐದು ಭಾಗ ಮಾಡಿ ಅಳೆಯಿತು. ಆಮೇಲಿನವು ಇನ್ನೂ ಜಾಣವಾದವು. ಆದರೂ ಗುಂಡಿ ಹೋಗಲಿಲ್ಲ. ಏಕೆಂದರೆ ನಿಮಗೆ ಬೇಕಾದದ್ದು ಹಕ್ಕಿಯೋ ನೀರೋ ಎಂಬುದು ಎಂಥ ಜಾಣ ಯಂತ್ರಕ್ಕೂ ಖಚಿತವಾಗಿ ತಿಳಿಯದು.

2008ರಲ್ಲಿ ಪ್ಯಾನಾಸಾನಿಕ್ ಜಿ1 ಬಂದು, ಒಳಗಿನ ಕನ್ನಡಿ ತೆಗೆದ ಮಿರರ್‌ಲೆಸ್ ಕ್ಯಾಮೆರಾಗಳ ಯುಗ ಜೋರಾಗಿ ಆರಂಭವಾಯಿತು. ಮೂರ್ತಿಯವರಿಗೆ ಸಿಗದ ಸೌಕರ್ಯ ಇಲ್ಲಿದೆ: ಗುಂಡಿ ತಿರುಗಿಸಿದಂತೆ ಕಿಂಡಿಯಲ್ಲೇ ಚಿತ್ರ ಬೆಳಗುವುದೂ ಮಂಕಾಗುವುದೂ ಕಾಣುತ್ತದೆ. ಕಾಂಡ್ಲಾದ ಮುಂದಿನ ಹಕ್ಕಿಗೆ ಮೈನಸ್ 2/3ರಿಂದ ಮೈನಸ್ 1, ಬಿಳಿ ಆಕಾಶದ ಹಕ್ಕಿಗೆ ಪ್ಲಸ್ 1ರಿಂದ ಶುರು ಮಾಡಿ ನೋಡಿ. ಒಮ್ಮೆ ಪೂರ್ತಿ ಬೆಳ್ಳಗಾದ ಗರಿಯನ್ನು ಕಂಪ್ಯೂಟರಿನಲ್ಲಿ ತಿದ್ದಿ ವಾಪಸು ತರಲಾಗದು, ಆದ್ದರಿಂದ ಅನುಮಾನವಿದ್ದರೆ ಸ್ವಲ್ಪ ಕಡಿಮೆಯೇ ವಾಸಿ. ಅಪರ್ಚರ್ ನೀವು ಆರಿಸಿದ್ದರೆ ಕ್ಯಾಮೆರಾ ಶಟರ್ ವೇಗವನ್ನು ಬದಲಿಸುತ್ತದೆ. ಪ್ಲಸ್ ಮಾಡಿದಾಗ ವೇಗ ಇಳಿದು ಹಾರುವ ಹಕ್ಕಿ ಅಲುಗಿದಂತೆ ಬರಬಹುದು, ಗಮನವಿರಲಿ.

ಹಕ್ಕಿಯ ಮಾತು ಬಿಡಿ, ಮನೆಯ ಫೋಟೋ ನೋಡಿ. ಬಾಲ್ಕನಿಯ ಬಾಗಿಲಿಗೆ ಬೆನ್ನು ಮಾಡಿ ಕೂತ ಅಜ್ಜಿ ಬರೀ ನೆರಳಾಗಿಬಿಡುತ್ತಾರೆ. ಪ್ಲಸ್ 1 ಕೊಟ್ಟರೆ ಮುಖದ ಸುಕ್ಕು, ಮೂಗುಬಟ್ಟು ಎದ್ದು ಕಾಣುತ್ತದೆ, ಹಿಂದಿನ ಆಕಾಶ ಹೋದರೆ ಹೋಗಲಿ. ಯಕ್ಷಗಾನದಲ್ಲಿ ಕಪ್ಪು ಪರದೆಯ ಮುಂದೆ ಬಂದ ಬಣ್ಣದ ವೇಷಕ್ಕೆ ಮೈನಸ್. ಕಪ್ಪು ಮೈಬಣ್ಣದ ಮುಖ ಚೌಕಟ್ಟಿನ ತುಂಬ ಇದ್ದರೆ ಮೀಟರ್ ಅದನ್ನು ತಿಳಿಯಾಗಿಸಲು ನೋಡುತ್ತದೆ, ಅಲ್ಲೂ ಒಂದಿಷ್ಟು ಮೈನಸ್ ಕೊಡಿ, ಅವರ ಬಣ್ಣ ಅವರದೇ ಆಗಿರಲಿ. ತೆಗೆದಾದ ಮೇಲೆ ಗುಂಡಿಯನ್ನು ಸೊನ್ನೆಗೆ ತನ್ನಿ. ಕ್ಯಾಮೆರಾ ಆಫ್ ಮಾಡಿದರೂ ಅನೇಕ ಮಾದರಿಗಳಲ್ಲಿ ಅದು ಇಟ್ಟಲ್ಲೇ ಇರುತ್ತದೆ.