ಒಂದು ಕೀಲಿಗಾಗಿ ಕಾಯುವ ತಂತ್ರಾಂಶ

ಕಂಟ್ರೋಲ್, ಆಲ್ಟ್ ಮತ್ತು ಕೆ ಕೀಲಿಗಳನ್ನು ಒಟ್ಟಿಗೆ ಒತ್ತಿದೊಡನೆ ನಿಮಗೆ ಬೇಕಾದ ಜಾಲತಾಣ ತೆರೆದುಕೊಳ್ಳುವಂತೆ ಮಾಡಬಹುದು. ಆ ಹೊತ್ತಿನಲ್ಲಿ ನೀವು ಪತ್ರ ಬರೆಯುತ್ತಿರಬಹುದು, ಲೆಕ್ಕದ ಹಾಳೆ ತುಂಬುತ್ತಿರಬಹುದು. ಹಾಗಾದರೆ ನಿಮ್ಮ ಆಜ್ಞೆಯನ್ನು ಕೇಳಿಸಿಕೊಂಡದ್ದು ಯಾವುದು? ಪರದೆಯ ಮೇಲೆ ಮುಖ ತೋರಿಸದೆ ಹಿನ್ನೆಲೆಯಲ್ಲಿ ಕಾಯುತ್ತಿರುವ ಒಂದು ತಂತ್ರಾಂಶ. ಕನ್ನಡ ಬೆರಳಚ್ಚು ಮಾಡಿದವರಿಗೆ ಇದು ಹೊಸದಲ್ಲ. ‘ನುಡಿ’ಯಲ್ಲಿ ಸ್ಕ್ರೋಲ್ ಲಾಕ್ ಕೀಲಿ ಒತ್ತಿ ಇಂಗ್ಲಿಷಿನಿಂದ ಕನ್ನಡಕ್ಕೆ ಬಂದವರೆಲ್ಲರೂ ಇಂಥದ್ದೇ ತಂತ್ರಾಂಶವನ್ನು ಬಳಸಿದ್ದಾರೆ. ಇದರ ಇತಿಹಾಸವನ್ನು ಸ್ವಲ್ಪ ನೋಡೋಣ.

ಮೂವತ್ತಾರನೆಯ ವಿಳಾಸ

1981ರಲ್ಲಿ ಬಂದ ಐಬಿಎಂ ಪಿಸಿಯ ಕೀಲಿಮಣೆಯೊಳಗೇ ಒಂದು ಸಣ್ಣ ಸಂಸ್ಕಾರಕವಿತ್ತು. ಕೀಲಿ ಒತ್ತಿದಾಗ ಒಂದು ಸಂಖ್ಯೆಯನ್ನೂ ಬಿಟ್ಟಾಗ ಇನ್ನೊಂದನ್ನೂ ಅದು ಗಣಕಕ್ಕೆ ಕಳಿಸುತ್ತಿತ್ತು. ಗಮನಿಸಿ, ಆ ಸಂಖ್ಯೆ ಹೇಳುವುದು ಅಕ್ಷರವನ್ನಲ್ಲ, ಯಾವ ಕೀಲಿ ಎಂಬುದನ್ನು ಮಾತ್ರ. ಸಂಖ್ಯೆ ಬಂದೊಡನೆ ಮುಖ್ಯ ಸಂಸ್ಕಾರಕವು ಕೈಯಲ್ಲಿದ್ದ ಕೆಲಸವನ್ನು ನಿಲ್ಲಿಸಿ ಅತ್ತ ಗಮನ ಕೊಡುತ್ತದೆ. ಇದಕ್ಕೆ ಇಂಟರಪ್ಟ್ ಎಂದು ಹೆಸರು.

ಇಂಟರಪ್ಟ್‌ಗಳಿಗೆ 256 ಸಂಖ್ಯೆಗಳಿದ್ದವು. ಪ್ರತಿಯೊಂದು ಬಂದಾಗ ಯಾವ ಕ್ರಮವಿಧಿಯನ್ನು ನಡೆಸಬೇಕು ಎಂಬ ವಿಳಾಸವನ್ನು ತಲಾ 4 ಬೈಟ್‌ಗಳಂತೆ ಸ್ಮೃತಿಯ ಮೊದಲ 1024 ಬೈಟ್‌ಗಳಲ್ಲಿ ಬರೆದಿಡಲಾಗುತ್ತಿತ್ತು. ಕೀಲಿಮಣೆಯದು 9ನೆಯ ಇಂಟರಪ್ಟ್. ಎಂದರೆ ಅದರ ವಿಳಾಸ ಇದ್ದದ್ದು 36ನೆಯ ಬೈಟಿನಿಂದ.

ಆಗಿನ ಡಾಸ್ ವ್ಯವಸ್ಥೆ ಒಂದು ಸಲಕ್ಕೆ ಒಂದೇ ತಂತ್ರಾಂಶವನ್ನು ನಡೆಸುತ್ತಿತ್ತು. ಜಾಣ ಕ್ರಮವಿಧಿಕಾರರು ಇದಕ್ಕೊಂದು ಉಪಾಯ ಕಂಡುಕೊಂಡರು. ತಮ್ಮ ತಂತ್ರಾಂಶವನ್ನು ಸ್ಮೃತಿಯಲ್ಲಿ ಉಳಿಸಿ, ಆ 4 ಬೈಟ್‌ಗಳಲ್ಲಿ ತಮ್ಮದೇ ವಿಳಾಸ ಬರೆದರು. ಅಂದಿನಿಂದ ಪ್ರತಿ ಕೀಲಿಯ ಸುದ್ದಿಯೂ ಮೊದಲು ಅವರಿಗೆ! ತಮಗೆ ಬೇಕಾದ ಕೀಲಿಯಾದರೆ ಎದ್ದು ಕೆಲಸ ಮಾಡುವುದು, ಇಲ್ಲವಾದರೆ ಹಳೆಯ ವಿಳಾಸಕ್ಕೆ ದಾಟಿಸುವುದು. 1984ರಲ್ಲಿ ಬೋರ್ಲ್ಯಾಂಡ್ ಸಂಸ್ಥೆ ತಂದ ‘ಸೈಡ್‌ಕಿಕ್’ ಇದನ್ನು ಜನಪ್ರಿಯಗೊಳಿಸಿತು. ಯಾವ ಕೆಲಸದ ನಡುವೆಯೂ ಕೀಲಿ ಒತ್ತಿದರೆ ಗಣಕಯಂತ್ರದ ಪರದೆಯ ಮೇಲೆ ಕ್ಯಾಲ್ಕುಲೇಟರ್, ಟಿಪ್ಪಣಿ ಪುಸ್ತಕ ಮೂಡುತ್ತಿದ್ದವು.

ಬೆಸಗರಹಳ್ಳಿ ಎಂದು ಬರೆದಾಗ

ಈಗ ಕನ್ನಡಕ್ಕೆ ಬನ್ನಿ. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂದಿತು. ಅನಂತರ ಕನ್ನಡ ಗಣಕ ಪರಿಷತ್ತು ರಾಜ್ಯ ಸರ್ಕಾರಕ್ಕಾಗಿ ‘ನುಡಿ’ಯನ್ನು ರೂಪಿಸಿತು. ಅದರ ಕೀಲಿಮಣೆಗೆ ಕೆ.ಪಿ. ರಾವ್ ಅವರ ವಿನ್ಯಾಸವೇ ಆಧಾರ.

ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿ, ವೈದ್ಯ ಹಾಗೂ ಕತೆಗಾರ ಬೆಸಗರಹಳ್ಳಿ ರಾಮಣ್ಣನವರ ಹೆಸರಿನೊಂದಿಗೆ ನಾಡಿಗೆಲ್ಲ ಪರಿಚಿತವಾದ ಊರು. ಆ ಹೆಸರನ್ನು ಈ ವಿನ್ಯಾಸದಲ್ಲಿ ಬರೆಯಲು ಬಿ, ಇ, ಎಸ್, ಜಿ, ಆರ್, ಎಚ್, ಶಿಫ್ಟ್-ಎಲ್, ಎಫ್, ಶಿಫ್ಟ್-ಎಲ್, ಐ ಎಂದು ಹತ್ತು ಸಲ ಒತ್ತುತ್ತೀರಿ. ಎಫ್ ಕೀಲಿ ಒತ್ತಕ್ಷರ ಕೂಡಿಸಲು. ಯೂನಿಕೋಡ್‌ನಲ್ಲಿ ಈ ಪದಕ್ಕೆ ಸಂಕೇತಗಳೂ ಹತ್ತೇ. ಒಂದು ಒತ್ತಿಗೆ ಒಂದು ಸಂಕೇತ. ಹಳೆಯ ಫಾಂಟ್‌ಗಳಲ್ಲಿ ಕೆಲಸ ಇಷ್ಟು ಸಲೀಸಾಗಿರಲಿಲ್ಲ. ‘ಬ’ ಒಂದು ಆಕೃತಿ, ‘ಬೆ’ಗೆ ಬೇರೆ ಆಕೃತಿಗಳು. ನೀವು ಇ ಒತ್ತಿದೊಡನೆ ತಂತ್ರಾಂಶವು ಮೊದಲು ಬರೆದ ‘ಬ’ವನ್ನು ಅಳಿಸಿ ಹೊಸದನ್ನು ಕೂರಿಸಬೇಕು. ಆದ್ದರಿಂದ ಅದು ಸ್ಕ್ರೋಲ್ ಲಾಕ್ ಒಂದಕ್ಕೇ ಕಿವಿಗೊಟ್ಟರೆ ಸಾಲದು; ಪ್ರತಿ ಕೀಲಿಯನ್ನೂ ಕೇಳಿಸಿಕೊಳ್ಳಲೇಬೇಕಿತ್ತು.

ಎರಡು ಬಗೆಯ ಕಾವಲು

ಜಾಲತಾಣ ತೆರೆಯುವ ತಂತ್ರಾಂಶಕ್ಕೆ ಅಷ್ಟೆಲ್ಲ ಅಗತ್ಯವಿಲ್ಲ. ವಿಂಡೋಸ್‌ನಲ್ಲಿ ಎರಡು ದಾರಿಗಳಿವೆ. ಒಂದು, ‘ಈ ಕೀಲಿಗಳನ್ನು ಒತ್ತಿದಾಗ ನನಗೆ ತಿಳಿಸು’ ಎಂದು ನೋಂದಾಯಿಸಿಕೊಳ್ಳುವುದು. ಆಗ ಬೇರೆ ಕೀಲಿಗಳ ಸುದ್ದಿ ಅದಕ್ಕೆ ಬರುವುದಿಲ್ಲ. ಅದೇ ಕೂಟವನ್ನು ಇನ್ನೊಂದು ತಂತ್ರಾಂಶ ಮೊದಲೇ ಪಡೆದಿದ್ದರೆ ನೋಂದಣಿ ವಿಫಲವಾಗುತ್ತದೆ. ಎರಡನೆಯದು ‘ಹುಕ್’ ಎಂಬ ಕೊಕ್ಕೆ. ಅದಕ್ಕೆ ಎಲ್ಲ ಕೀಲಿಗಳೂ ಸಿಗುತ್ತವೆ. ಕನ್ನಡ ಮೂಡಿಸಿದ್ದು ಇಂಥ ಸಾಮರ್ಥ್ಯವೇ. ನಿಮ್ಮ ಬ್ಯಾಂಕಿನ ಗುಪ್ತಪದವನ್ನು ಕದಿಯುವ ‘ಕೀಲಾಗರ್’ ಬಳಸಿಕೊಳ್ಳುವುದೂ ಇದನ್ನೇ. ಉಪಕರಣ ಒಂದೇ, ಉದ್ದೇಶ ಬೇರೆ.

ಆದ್ದರಿಂದ ಒಂದು ಜಾಲತಾಣ ತೆರೆಯುವ ಸೌಕರ್ಯಕ್ಕಾಗಿ ಗುರುತಿಲ್ಲದ ತಂತ್ರಾಂಶವನ್ನು ಸ್ಥಾಪಿಸಬೇಡಿ. ವಿಂಡೋಸ್ 95ರ ಕಾಲದಿಂದ ಬಂದ ಸರಳ ವಿಧಾನ ಇಂದಿಗೂ ಇದೆ. ಜಾಲತಾಣದ ಶಾರ್ಟ್‌ಕಟ್ ಒಂದನ್ನು ಡೆಸ್ಕ್‌ಟಾಪ್‌ನಲ್ಲಿ ಇಡಿ. ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ ತೆರೆಯಿರಿ. ‘ಶಾರ್ಟ್‌ಕಟ್ ಕೀ’ ಎಂಬಲ್ಲಿ ಕೆ ಒತ್ತಿದರೆ ಕಂಟ್ರೋಲ್ ಮತ್ತು ಆಲ್ಟ್ ತಾವಾಗಿಯೇ ಸೇರಿಕೊಳ್ಳುತ್ತವೆ. ಇಲ್ಲಿ ಕಾಯುವ ಕೆಲಸ ವಿಂಡೋಸ್‌ನದೇ. ಇನ್ನೂ ಹೆಚ್ಚು ಬೇಕೆನಿಸಿದವರಿಗೆ 2003ರಲ್ಲಿ ಬಂದ ಉಚಿತ ‘ಆಟೋಹಾಟ್‌ಕೀ’ ಇದೆ. ಅದರಲ್ಲಿ ಆಜ್ಞೆ ಬರೆಯುವವರು ನೀವೇ. ಆದರೆ ಬೇರೆಯವರು ಬರೆದುಕೊಟ್ಟ ಆಜ್ಞೆಗಳನ್ನು ಓದದೆ ಓಡಿಸಬಾರದು.

ಯಾವುದೇ ಹಿನ್ನೆಲೆ ತಂತ್ರಾಂಶವನ್ನು ಒಳಗೆ ಬಿಡುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದಕ್ಕೆ ಬೇಕಾಗಿರುವುದು ಒಂದು ಕೀಲಿಯೋ, ಎಲ್ಲ ಕೀಲಿಗಳೋ? ಎಲ್ಲವೂ ಬೇಕೆಂದರೆ, ಏಕೆ ಎಂಬುದಕ್ಕೆ ಸರಿಯಾದ ಉತ್ತರವಿರಬೇಕು.