ಗಾಡಿಯ ಬಾಲ

ಮುಂಬೈಯಿಂದ ಹೊರಟ ಜಿಐಪಿ ರೈಲ್ವೆ 1871ರಲ್ಲಿ ಶಹಾಬಾದ್, ವಾಡಿ ಹಾದು ರಾಯಚೂರು ಮುಟ್ಟಿತು. 1874ರಲ್ಲಿ ನಿಜಾಮರ ರೈಲು ಮಾರ್ಗ ವಾಡಿಯಿಂದ ಕವಲೊಡೆದು ಚಿತ್ತಾಪುರ, ಸೇಡಂ ಮೇಲೆ ಹೈದರಾಬಾದಿನ ಕಡೆ ಹೋಯಿತು. ವಾಡಿ ಜಂಕ್ಷನ್ ಆದದ್ದು ಹಾಗೆ. ನಮ್ಮಪ್ಪ ಅಲ್ಲಿ ಪಾಯಿಂಟ್ಸ್‌ಮನ್. ನಾನು ಸಿಗ್ನಲ್ ಮೇಂಟೇನರ್ ಆಗಿ ನಿವೃತ್ತನಾದೆ. ಇಬ್ಬರದೂ ಒಂದೇ ಚಿಂತೆ: ಆಚೆ ಸ್ಟೇಷನ್ ಬಿಟ್ಟ ಗಾಡಿ ಪೂರ್ತಿ ಈಚೆ ಬಂತೇ?

ಅಪ್ಪನ ಕಾಲದಲ್ಲಿ ಅದಕ್ಕೆ ಕಣ್ಣೇ ಸಾಕ್ಷಿ. ಕಡೇ ಡಬ್ಬಿಯ ಬೆನ್ನಿಗೆ ಹಗಲು ‘ಎಲ್‌ವಿ’ ಫಲಕ, ರಾತ್ರಿ ಕೆಂಪು ದೀಪ. ಅದು ಕಾಣದಿದ್ದರೆ ನಡುದಾರಿಯಲ್ಲಿ ಕೊಂಡಿ ಕಳಚಿ ನಾಲ್ಕು ಡಬ್ಬಿ ಹಿಂದೆ ಉಳಿದಿವೆ ಎಂದೇ ತಿಳಿಯಬೇಕು. “ಬಾಲ ನೋಡಲಾರ್ದ ಮಾಸ್ತರಿಗೆ ಗಾಡಿ ಬಂತು ಅನಬಾರ್ದು” ಎನ್ನುತ್ತಿದ್ದರು.

ಈ ಕೆಲಸವನ್ನು ಹಳಿಗೇ ಕಲಿಸಿದವನು ಅಮೆರಿಕದ ವಿಲಿಯಂ ರಾಬಿನ್ಸನ್, 1872ರಲ್ಲಿ. ಹಳಿಯ ಒಂದು ತುಂಡನ್ನು ಇನ್ಸುಲೇಷನ್ ಹಾಕಿ ಬೇರೆ ಮಾಡಿ, ಒಂದು ತುದಿಗೆ ಸಣ್ಣ ಬ್ಯಾಟರಿ, ಇನ್ನೊಂದು ತುದಿಗೆ ರಿಲೇ ಜೋಡಿಸುತ್ತಾರೆ. ಹಳಿ ಖಾಲಿಯಿದ್ದಾಗ ಕರೆಂಟು ರಿಲೇಯನ್ನು ಎತ್ತಿ ಹಿಡಿದಿರುತ್ತದೆ. ಗಾಲಿಗಳೂ ಅಚ್ಚೂ ಸೇರಿ ಎರಡು ಹಳಿಗಳನ್ನು ಬೆಸೆದ ಕ್ಷಣ ಕರೆಂಟು ಅಲ್ಲಿಂದಲೇ ತಿರುಗಿಬಿಡುತ್ತದೆ. ರಿಲೇ ಬೀಳುತ್ತದೆ, ಸಿಗ್ನಲ್ ಕೆಂಪಾಗುತ್ತದೆ. ಬ್ಯಾಟರಿ ಸತ್ತರೂ, ವೈರ್ ಕಡಿದರೂ ಕೆಂಪೇ. ಇದಕ್ಕಿಂತ ದೊಡ್ಡ ವಿವೇಕವನ್ನು ನಾನು ಯಾವ ಯಂತ್ರದಲ್ಲೂ ಕಂಡಿಲ್ಲ. ಮಳೆಗಾಲದಲ್ಲಿ ಜಲ್ಲಿ ನೆನೆದು ಕರೆಂಟು ಸೋರಿ, ಗಾಡಿ ಇಲ್ಲದೆಯೂ ರಿಲೇ ಬೀಳುತ್ತಿತ್ತು. ಚೀಲ ಹೆಗಲಿಗೇರಿಸಿ ಹಳಿಗುಂಟ ನಡೆಯುತ್ತಿದ್ದೆವು. ಅದು ಬರೀ ತೊಂದರೆ. ಹೆದರಬೇಕಾದದ್ದು ತುಕ್ಕಿಗೆ. ಗಾಡಿ ಅಪರೂಪಕ್ಕೆ ಬರುವ ಲೈನಿನಲ್ಲಿ ತುಕ್ಕಿನ ಪದರ ಗಾಲಿಗೂ ಹಳಿಗೂ ನಡುವೆ ಬಂದು, ನಿಂತ ಗಾಡಿಯನ್ನೇ ಮರೆಮಾಚಬಲ್ಲದು.

ನಮ್ಮ ಜಿಲ್ಲೆಯದೇ ಆದ ಚಿಂಚೋಳಿಗೆ ರೈಲಿಲ್ಲ, ಅಲ್ಲಿನ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಕಾಡಿನಲ್ಲಿ ಚಲನೆ ಹಿಡಿಯುವ ಯಂತ್ರ ಬೇರೆ. ಪ್ರಾಣಿಯ ಮೈಶಾಖ ಎದುರಿಗೆ ಸರಿದರೆ ಕ್ಯಾಮೆರಾ ಎಚ್ಚೆತ್ತು ಫೋಟೊ ತೆಗೆಯುತ್ತದೆ. 1990ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯ ಹುಲಿಗಳನ್ನು ಎಣಿಸಿದ್ದೂ ಪ್ರಾಣಿ ಹಾದಾಗ ತಾನಾಗಿ ಕ್ಲಿಕ್ಕಾಗುವ ಕ್ಯಾಮೆರಾಗಳಿಂದಲೇ. ಅಂಥ ಕ್ಯಾಮೆರಾದ ಬ್ಯಾಟರಿ ಸತ್ತರೆ ಒಂದು ಹುಲಿ ಲೆಕ್ಕಕ್ಕೆ ಸಿಗುವುದಿಲ್ಲ. ಹಳಿಯ ಮೇಲೆ ಅಂಥ ಕುರುಡಿಗೆ ಜನ ಸಾಯುತ್ತಾರೆ.

ಆಮೇಲೆ ಹಳಿಗೆ ಆಕ್ಸಲ್ ಕೌಂಟರ್ ಬಂತು. ಹಳಿಯ ಬದಿಗೆ ಬಿಗಿದ ಕಾಯಿಲ್‌ಗಳ ಕಾಂತಕ್ಷೇತ್ರವನ್ನು ಪ್ರತಿ ಗಾಲಿಯೂ ಕದಡುತ್ತದೆ. ಅಕ್ಕಪಕ್ಕ ಎರಡು ಜೊತೆ ಕಾಯಿಲ್. ಯಾವುದು ಮೊದಲು ಕದಡಿತು ಎಂಬುದರಿಂದ ದಿಕ್ಕು ಗೊತ್ತಾಗುತ್ತದೆ. ಒಳಗೆ ಹೋದ ಅಚ್ಚುಗಳೂ ಹೊರಗೆ ಬಂದ ಅಚ್ಚುಗಳೂ ಸಮವಾದರೆ ಮಾತ್ರ ಲೈನ್ ಖಾಲಿ. ಮಳೆ, ತುಕ್ಕು ಯಾವುದರ ಕಾಟವೂ ಇದಕ್ಕೆ ಅಷ್ಟಾಗಿ ಇಲ್ಲ. ಆದರೂ ಲೆಕ್ಕ ತಪ್ಪಿದರೆ, ಲೈನ್ ನಿಜವಾಗಿ ಖಾಲಿಯಿದೆಯೆಂದು ಮನುಷ್ಯನೇ ಖಾತ್ರಿ ಮಾಡಿಕೊಂಡು ರೀಸೆಟ್ ಮಾಡಬೇಕು. ಪ್ರತಿ ರೀಸೆಟ್‌ಗೂ ರೀಸೆಟ್ ಪೆಟ್ಟಿಗೆಯ ಮೇಲಿನ ಅಂಕಿ ಒಂದು ಏರುತ್ತದೆ. ಅದನ್ನು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಬೇಕು.