ಮೈಲಿಗೆ ಬಟ್ಟೆ ಗಂಟಿನಲ್ಲಿ ಉಳಿದ ವಿಜಯನಗರದ ರಾಜವಂಶ



ನಾನಿರೋ ಉಲ್ಲಾಳದಿಂದ ಸಿಟಿ ಕಡೆ ಹೊರಟರೆ ವಿಜಯನಗರ, ಹಂಪಿನಗರ ಅನ್ನೋ ಬಡಾವಣೆಗಳು ಸಿಗ್ತವೆ. ಆ ಹೆಸರು ಕೇಳಿದ ತಕ್ಷಣ ನಮಗೆ ನೆನಪಾಗೋದು ಕೃಷ್ಣದೇವರಾಯ, ಬೀದೀಲಿ ಸೇರಿನಲ್ಲಿ ಅಳೆದ ಮುತ್ತುರತ್ನ, 1565ರ ಯುದ್ಧ, ಹಾಳು ಹಂಪೆ. ಶಾಲೆಯ ಪಾಠ ಅಲ್ಲಿಗೆ ಮುಗೀತು. ಆದರೆ ರಾಜ್ಯ ಮುಗಿದಿರಲಿಲ್ಲ. ಅರವೀಡು ವಂಶದ ರಾಜರು ಪೆನುಕೊಂಡ, ಚಂದ್ರಗಿರಿ, ವೆಲ್ಲೂರುಗಳಿಂದ ಮುಂದೆಯೂ ಹಲವು ದಶಕ ಆಳಿದರು. ನಮ್ಮ ಬೆಂಗಳೂರಿನ ಕೆಂಪೇಗೌಡರ ಮನೆತನವೂ ಹೆಸರಿಗಾದರೂ ಅವರ ಸಾಮಂತರೇ. ಆ ಕೊನೆಗಾಲದ ಒಂದು ಘಟನೆಯನ್ನ ಇವತ್ತು ಹೇಳಬೇಕು.

1614. ಎರಡನೇ ವೆಂಕಟಪತಿ ರಾಯ ವೆಲ್ಲೂರಿನಲ್ಲಿ ಸಾಯುವ ಸ್ಥಿತಿಯಲ್ಲಿದ್ದ. ರಾಣಿಯರು ಹಲವರಿದ್ದರು, ಸ್ವಂತ ಗಂಡು ಮಗ ಇರಲಿಲ್ಲ. ಜಗ್ಗರಾಯ ಅನ್ನೋ ಬಲಿಷ್ಠ ಸರದಾರನ ಮನೆತನದಿಂದ ಬಂದ ರಾಣಿ ಬಾಯಮ್ಮ, ಒಬ್ಬ ಬ್ರಾಹ್ಮಣ ಹೆಂಗಸಿನ ಕೂಸನ್ನ ತಂದು ತಾನೇ ಹೆತ್ತಿದ್ದು ಅಂತ ಬೆಳೆಸಿದ್ದಳು. ರಾಯನಿಗೆ ಈ ಗುಟ್ಟು ಗೊತ್ತಿತ್ತು. ಹಾಗಾಗಿ ಸಾಯೋ ಮುಂಚೆ ತನ್ನ ಅಣ್ಣನ ಮಗ ಶ್ರೀರಂಗನನ್ನ ಉತ್ತರಾಧಿಕಾರಿ ಮಾಡಿದ. ಈ ಶ್ರೀರಂಗನ ಅಪ್ಪ ನಮ್ಮ ಶ್ರೀರಂಗಪಟ್ಟಣವನ್ನ ಆಳಿದವನು. 1610ರಲ್ಲಿ ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದಾಗ ಅದನ್ನ ಕಳಕೊಂಡ ತಿರುಮಲರಾಯ, ಈ ಶ್ರೀರಂಗನ ಒಡಹುಟ್ಟಿದವನು.

ಜಗ್ಗರಾಯ ಇದನ್ನ ಒಪ್ಪಲಿಲ್ಲ. ಇನ್ನಿಬ್ಬರು ಸರದಾರರನ್ನ ಸೇರಿಸಿಕೊಂಡು ಹೊಸ ರಾಜನನ್ನ ಹೆಂಡತಿ ಮಕ್ಕಳ ಸಮೇತ ಸೆರೆಯಲ್ಲಿಟ್ಟ. ಬಾಯಮ್ಮನ ಸಾಕುಮಗನಿಗೆ ಪಟ್ಟ ಕಟ್ಟಿದ. ಎದುರು ನಿಂತ ದೊಡ್ಡ ಸರದಾರ ಯಾಚಮ ನಾಯಕ. ಸೆರೆಯಲ್ಲಿದ್ದವರನ್ನ ಬಲದಿಂದ ಬಿಡಿಸೋಕೆ ಆಗೋ ಹಾಗಿರಲಿಲ್ಲ. ಸುತ್ತಲೂ ಕಾವಲು. ಆಗ ಅವನು ಹಿಡಿದ ದಾರಿ ಯಾವುದು ಗೊತ್ತಾ? ಅರಮನೆಯ ಬಟ್ಟೆ ಒಗೆಯುವ ಅಗಸ. ಶ್ರೀರಂಗನ ಎರಡನೇ ಮಗ ರಾಮನಿಗೆ ಆಗ 12 ವರ್ಷ. ಆ ಅಗಸ ಹುಡುಗನನ್ನ ಬಟ್ಟೆಗಳ ನಡುವೆ ಗಂಟು ಕಟ್ಟಿ, ಕಾವಲಿನವರ ಕಣ್ಣೆದುರೇ ಬಾಗಿಲು ದಾಟಿಸಿ, ಯಾಚಮನ ಕೈಗೆ ಒಪ್ಪಿಸಿದ.

ಉಳಿದವರನ್ನ ಸುರಂಗದ ಮೂಲಕ ಬಿಡಿಸೋ ಇನ್ನೊಂದು ಪ್ರಯತ್ನ ಬಯಲಾಯ್ತು. ಶ್ರೀರಂಗ, ಅವನ ರಾಣಿ, ಮಕ್ಕಳು ಎಲ್ಲರೂ ಸೆರೆಯಲ್ಲೇ ಸತ್ತರು. ಆ ಕುಟುಂಬದಲ್ಲಿ ಉಳಿದದ್ದು ಗಂಟಿನಲ್ಲಿ ಹೊರಬಂದ ಹುಡುಗ.

ಆಮೇಲೆ ಎರಡು ವರ್ಷಕ್ಕೂ ಮೇಲೆ ಯುದ್ಧ. ಮಧುರೈ, ಸೆಂಜಿ ನಾಯಕರು ಜಗ್ಗರಾಯನ ಕಡೆ, ತಂಜಾವೂರಿನ ರಘುನಾಥ ನಾಯಕ ಹುಡುಗನ ಕಡೆ. ಕಾವೇರಿ ದಂಡೆಯ ತೋಪೂರಿನಲ್ಲಿ ಜಗ್ಗರಾಯ ಸತ್ತ. 1617ರಲ್ಲಿ, ಇನ್ನೂ ಹದಿನೈದರ ಆಸುಪಾಸಿನ ಹುಡುಗ, ರಾಮದೇವರಾಯ ಅನ್ನೋ ಹೆಸರಲ್ಲಿ ಸಿಂಹಾಸನ ಏರಿದ. ಮುಂದೆ ರಾಜಿಗೋಸ್ಕರ ಅದೇ ಜಗ್ಗರಾಯನ ತಮ್ಮನ ಮಗಳನ್ನ ಮದುವೆಯೂ ಆದ. ತೋಪೂರಿನಲ್ಲಿ ಸತ್ತ ಬಡ ಕಾಲಾಳುಗಳಿಗೆ ಯಾರು ರಾಜಿ ಮಾಡಿಸಿದರು?

ಇದು ಕಟ್ಟುಕತೆ ಅಲ್ಲ. ಬರ‍್ರಾದಸ್ ಅನ್ನೋ ಪೋರ್ಚುಗೀಸ್ ಪಾದ್ರಿ 1616ರ ಡಿಸೆಂಬರ್‌ನಲ್ಲಿ ಕೊಚ್ಚಿಯಿಂದ ಬರೆದ ಪತ್ರದಲ್ಲಿದೆ. ಯುದ್ಧ ನಡೀತಿದ್ದಾಗಲೇ ಬರೆದದ್ದು. ರಾಬರ್ಟ್ ಸೀವೆಲ್ 1900ರಲ್ಲಿ ತನ್ನ ವಿಜಯನಗರದ ಪುಸ್ತಕದಲ್ಲಿ ಅದನ್ನ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ. ಅದರಲ್ಲಿ ರಾಣಿಯ ಹೆಸರಿದೆ, ಕೊಲೆ ಮಾಡಿಸಿದವರ ಹೆಸರಿದೆ. ವಂಶವನ್ನೇ ಉಳಿಸಿದ ಅಗಸನ ಹೆಸರಿಲ್ಲ. ರಘುನಾಥ ನಾಯಕನ ಗೆಲುವಿನ ಮೇಲೆ ಅವನ ಆಸ್ಥಾನದಲ್ಲಿ ಸಂಸ್ಕೃತ ಕಾವ್ಯಗಳೇ ಹುಟ್ಟಿದವು.

ಈಗ ಯೋಚನೆ ಮಾಡಿ. ಕಾವಲಿನವರು ಆ ಗಂಟನ್ನ ಯಾಕೆ ಬಿಚ್ಚಲಿಲ್ಲ? ನನ್ನ ಓದು ಇದು: ಅದು ಮೈಲಿಗೆ ಬಟ್ಟೆ. ಹೆರಿಗೆಯ ಬಟ್ಟೆ, ಮುಟ್ಟಿನ ಬಟ್ಟೆ, ಸಾವಿನ ಬಟ್ಟೆ ಎಲ್ಲವನ್ನೂ ಹೊರೋದು ಒಂದೇ ಜಾತಿಯ ಹೆಗಲು. ಮಿಕ್ಕವರು ಅದಕ್ಕೆ ಕೈ ಹಾಕಲ್ಲ. ನಮ್ಮ ಭಾಷೆಯನ್ನೇ ನೋಡಿ. ಬಟ್ಟೆಯನ್ನ ಮಡಿ ಮಾಡಿ ಕೊಡೋನು ಮಡಿವಾಳ, ಆ ಮಡಿ ಉಟ್ಟೋನು ಮಡಿವಾಳನನ್ನ ಮುಟ್ಟಿದರೆ ಮೈಲಿಗೆ! ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಮಡಿವಾಳ ಮಾಚಿದೇವರು ಶರಣರ ಸಾಲಿನಲ್ಲಿ ಎದೆ ಸೆಟೆಸಿ ನಿಂತಿದ್ದು ಇದೇ ಲೆಕ್ಕಾಚಾರದ ವಿರುದ್ಧ.

ಇಡೀ ಜಗಳ ನಡೆದದ್ದು ಯಾರ ರಕ್ತ ಶುದ್ಧ, ಯಾವ ಹೊಟ್ಟೇಲಿ ಹುಟ್ಟಿದ್ದು ಅಸಲಿ ಅನ್ನೋದರ ಮೇಲೆ. ಆ 'ಅಸಲಿ ರಕ್ತ' ಉಳಿದದ್ದು ಯಾರೂ ಮುಟ್ಟದ ಗಂಟಿನೊಳಗೆ. ಸಿಕ್ಕಿಬಿದ್ದಿದ್ದರೆ ಮೊದಲು ಹೋಗ್ತಿದ್ದದ್ದು ಆ ಅಗಸನ ತಲೆ.

ಒಂದು ಮಾತು ನಮ್ಮೊಳಗೂ ಆಗಬೇಕು. ಎಷ್ಟೋ ಹಳ್ಳಿಗಳಲ್ಲಿ ಅಗಸರು ನಮ್ಮ ಕೇರಿಯ ಬಟ್ಟೆ ಒಗೀತಿರಲಿಲ್ಲ. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಅಂದಿದ್ದು ಇದನ್ನೇ: ತುಳಿಸಿಕೊಂಡವನಿಗೂ ತುಳಿಯೋಕೆ ಇನ್ನೊಬ್ಬನನ್ನ ಕೊಡುತ್ತೆ. ಅದಕ್ಕೇ ನಾವು ಒಟ್ಟಾಗಲ್ಲ. ಉತ್ತರ ಪ್ರದೇಶ, ಬಿಹಾರಗಳಲ್ಲಿ ಧೋಬಿಗಳು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ. ಕರ್ನಾಟಕದ ಮಡಿವಾಳರು ಹಿಂದುಳಿದ ವರ್ಗದಲ್ಲಿದ್ದಾರೆ. ನಮ್ಮನ್ನೂ ಎಸ್‌ಸಿಗೆ ಸೇರಿಸಿ ಅಂತ ಅವರು ಕೇಳಿದಾಗ ನಮ್ಮಲ್ಲಿ ಕೆಲವರು ಪಾಲು ಕಮ್ಮಿ ಆಗುತ್ತೆ ಅಂತ ಸಿಡುಕ್ತಾರೆ. ಪಾಲಿನ ಪ್ರಶ್ನೆ ನಿಜ, ಅದನ್ನ ಕೂತು ಮಾತಾಡೋಣ. ಆದರೆ ಮೈಲಿಗೆ ಹೊರೋದು ಅಂದ್ರೆ ಏನು ಅಂತ ಅವರಿಗೆ ನಾವು ಪಾಠ ಮಾಡಬೇಕಾಗಿಲ್ಲ.

ಇವತ್ತು ನಮ್ಮ ಏರಿಯಾದ ಅಪಾರ್ಟ್‌ಮೆಂಟ್‌ಗಳಿಗೆ ಹೋಗಿ ನೋಡಿ. ಮನೆಗೆಲಸದ ಹೆಣ್ಣುಮಕ್ಕಳಿಗೆ ಬೇರೆ ಲಿಫ್ಟು, ಹೊರಗೆ ಬರುವಾಗ ಗೇಟಲ್ಲಿ ಬ್ಯಾಗು ಬಿಚ್ಚಿ ತೋರಿಸಬೇಕು. ಅವತ್ತು ಅಸಹ್ಯಪಟ್ಟು ಗಂಟು ಬಿಚ್ಚಲಿಲ್ಲ, ಇವತ್ತು ಅನುಮಾನಪಟ್ಟು ಬ್ಯಾಗು ಬಿಚ್ಚಿಸ್ತಾರೆ. ಎರಡು ಸಲವೂ ಎದುರಿಗಿರೋ ಮನುಷ್ಯನ ಹೆಸರು ಕೇಳಲ್ಲ.

ಅದಕ್ಕೇ ಒಂದು ಕೆಲಸ ಹೇಳ್ತೀನಿ. ನಿಮ್ಮ ಮನೆಯಲ್ಲಿ ಅಜ್ಜಿ, ತಾತ ಇದ್ದರೆ ಈ ಭಾನುವಾರ ಕೂರಿಸಿಕೊಂಡು ಕೇಳಿ. ಯಾರ ಮನೆಗೆ ದುಡಿದರು, ಯಾವ ಬಾಗಿಲಿಂದ ಒಳಗೆ ಹೋದರು, ಏನು ಕೂಲಿ ಸಿಕ್ತು. ಫೋನಲ್ಲಿ ರೆಕಾರ್ಡ್ ಮಾಡಿ. ಹೆಸರು, ಊರು, ಇಸವಿ ಬರೆದಿಡಿ. ನಮ್ಮವರ ಹೆಸರನ್ನ ಯಾವ ಪಾದ್ರಿಯೂ, ಯಾವ ಆಸ್ಥಾನ ಕವಿಯೂ ಬರೆಯಲಿಲ್ಲ, ನಾವೇ ಬರೀಬೇಕು.

ಜೈ ಭೀಮ್.